ಚಿತ್ರದುರ್ಗದ ಬಿಸಿಲಿಗೆ ಗಿಡ, ಜೊತೆಗೊಂದು ಜೋಕು

ಪಶ್ಚಿಮಕ್ಕೆ ಮುಖ ಮಾಡಿದ ತಾರಸಿ, ವಾರಕ್ಕೆರಡು ಸಲ ಮಾತ್ರ ನೀರು, ಯಾವ ಗಿಡ ಬದುಕುತ್ತೆ ಅಂತ ಕೇಳಿದ್ದೀರಿ. ನಿಮ್ಮ ಮನಿ ಪ್ಲಾಂಟ್ ಜೋಕ್ ಚೆನ್ನಾಗಿತ್ತು. ಗಿಡ ಒಣಗಿತು, ಸಾಲದ ಕಂತು ಮಾತ್ರ ಹಸಿರಾಗಿದೆ ಅಂದ್ರಲ್ಲ, ಮನೆಯವರಿಗೆಲ್ಲ ಓದಿ ಹೇಳಿದೆ!

ಕಣ್ಣು ಮುಚ್ಚಿಕೊಂಡು ಕಾಗದದ ಹೂವು ಹಾಕಿ, ಅದೇ ಬೋಗನ್‌ವಿಲ್ಲಾ. ನಮ್ಮ ದುರ್ಗದ ಬಿಸಿಲು, ಗಾಳಿ ಎರಡೂ ಅದಕ್ಕೆ ಇಷ್ಟ. ನೀರು ಜಾಸ್ತಿ ಆದ್ರೆ ಬರೀ ಎಲೆ ಬಿಡುತ್ತೆ, ಹೂವಿಲ್ಲ. ಮಣ್ಣಿಗೆ ಬೆರಳು ಚುಚ್ಚಿ, ಒಳಗೂ ಒಣಗಿದ್ರೆ ಮಾತ್ರ ತುಂಬಾ ನೀರು ಕೊಡಿ. ಹೂವು ಉದುರಿದ ಮೇಲೆ ತುದಿ ಕತ್ತರಿಸಿ, ಹೊಸ ಚಿಗುರಲ್ಲೇ ಮತ್ತೆ ಹೂ ಬರೋದು. ಅಂದಹಾಗೆ, ಆ ಗುಲಾಬಿ ಬಣ್ಣದ್ದು ದಳವಲ್ಲ, ಎಲೆಯೇ. ನಡುವೆ ಕಡ್ಡಿಯಂತೆ ಕಾಣೋ ಪುಟ್ಟ ಬಿಳಿದು ನಿಜವಾದ ಹೂವು.

ಟೇಬಲ್ ರೋಸ್, ನಿತ್ಯಪುಷ್ಪ ಕೂಡ ಆಗುತ್ತೆ. ಟೇಬಲ್ ರೋಸ್ ದುಡ್ಡು ಕೊಟ್ಟು ತರಬೇಡಿ, ಪಕ್ಕದ ಮನೆಯಿಂದ ಒಂದು ಕಡ್ಡಿ ಮುರಿದು ತಂದು ನೆಟ್ಟರೆ ಸಾಕು. ಕಣಗಿಲೆಯೂ ಗಟ್ಟಿ ಗಿಡ, ಆದ್ರೆ ವಿಷ. ಚಿಕ್ಕ ಮಕ್ಕಳಿದ್ರೆ ಬೇಡ.

ಪಟ್ಟೆ ಪಟ್ಟೆ ಉದ್ದ ಎಲೆಯ ಸ್ನೇಕ್ ಪ್ಲಾಂಟ್ ನೆರಳಿರೋ ಮೂಲೆಗಿಡಿ. ಈಗ ನನ್ನ ಜೋಕು: ಸೊಸೆ ಸ್ನೇಕ್ ಪ್ಲಾಂಟ್ ತಂದಳಂತೆ. ಹೆಸರು ಕೇಳಿದ ಅತ್ತೆ ನಾಗರಪಂಚಮಿ ದಿನ ಕುಂಡಕ್ಕೆ ಹಾಲೆರೆದು, 'ಪೊರೆ ಯಾವಾಗ ಬಿಡುತ್ತೆ?' ಅಂದಳಂತೆ.

ನೀವು ಹಾಲು ಹಾಕಬೇಡಿ, ಇರುವೆ ಬರುತ್ತೆ. ಕುಂಡದ ತಳದಲ್ಲಿ ತೂತು ಇದೆಯಾ, ಅದನ್ನ ಮೊದಲು ನೋಡಿ.