ತೋಟ ಆಮೇಲೆ, ಮೊದಲು ಬಾಡಿಗೆ ಮನೆ

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ. ಮಗನಿಗೆ 11 ವರ್ಷ. ಅತ್ತೆಗೆ 70, ಬಿಪಿ ಇದೆ, ಮಂಡಿನೋವಿದೆ, ಹಿಂದೊಮ್ಮೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಬೆಂಗಳೂರಿನ ಟ್ರಾಫಿಕ್, ಟ್ಯಾಂಕರ್ ನೀರು ಸಾಕಾಗಿ ಹೋಗಿದೆ. ಫ್ಲ್ಯಾಟ್ ಮಾರಿ ಸಾಗರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ, ಹಳೇ ಹೆಂಚಿನ ಮನೆ ತಗೊಳ್ಳೋಣ ಅಂತಿದ್ದೇವೆ. ಡಿಸೆಂಬರ್ ರಜೆಯಲ್ಲಿ ಹೋಗಿ ನೋಡಿ ಬಂದೆವು, ತುಂಬ ಹಿಡಿಸಿತು. ದಲ್ಲಾಳಿಯೊಬ್ಬರು ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆ ಜಾಗ ತೋರಿಸಿದ್ದಾರೆ. 'ಸೇತುವೆ ಆಯ್ತಲ್ಲ, ಈಗ ಸಾಗರಕ್ಕೆ ಒಂದೇ ಗಂಟೆ' ಅನ್ನುತ್ತಾರೆ. ಒಳ್ಳೇದು ಕೆಟ್ಟದ್ದು ಎರಡನ್ನೂ ಹೇಳಿ.
– ಹೆಸರು ಬೇಡ, ಬೆಂಗಳೂರು

ಉತ್ತರ: ಬನ್ನಿ. ಆದರೆ ಫ್ಲ್ಯಾಟ್ ಮಾರಿ ಬರಬೇಡಿ. ತೋಟವನ್ನೂ ಈಗಲೇ ಕೊಳ್ಳಬೇಡಿ. ಸಾಗರ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಒಂದು ಪೂರ್ತಿ ಮಳೆಗಾಲ ಕಳೆಯಿರಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಾನೂ ಹೊರಗಿನವಳೇ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದು ಈ ತಾಲ್ಲೂಕಿಗೆ ಸೊಸೆಯಾಗಿ ಬಂದವಳು. ಹಾಗಾಗಿ ಈ ಊರಿನ ಹೊಗಳಿಕೆ, ಬೈಗುಳ ಎರಡೂ ನನ್ನ ಹತ್ತಿರ ಧಾರಾಳವಾಗಿವೆ.

ಡಿಸೆಂಬರ್‌ನಲ್ಲಿ ಯಾರು ಬಂದರೂ ಮಲೆನಾಡಿಗೆ ಮರುಳಾಗುತ್ತಾರೆ. ಬೆಳಗ್ಗೆ ಇಬ್ಬನಿ, ಅಂಗಳದ ಚಪ್ಪರದ ಮೇಲೆ ಅಡಿಕೆ, ಬೇಯುವ ಅಡಿಕೆಯ ಘಮ. ಅದೇ ಮನೆಗೆ ಜುಲೈನಲ್ಲಿ ಬಂದು ಒಂದು ವಾರ ಇದ್ದು ನೋಡಿ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿ.ಮೀ. ಮಳೆ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಸಾಗರ ತಾಲ್ಲೂಕಿನ ಒಳಗೇ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲ. ಆನಂದಪುರದ ಕಡೆ ಕಡಿಮೆ, ಪಶ್ಚಿಮಕ್ಕೆ ಘಾಟಿಯ ಕಡೆ ಹೋದ ಹಾಗೆ ಜಾಸ್ತಿ. ನಿಮಗೆ ತೋರಿಸಿದ ಜಾಗ ಆ ಜಾಸ್ತಿ ಇರುವ ಕಡೆಯದು.

ಮಳೆ ಅಂದರೆ ಬರೀ ನೆನೆಯುವುದಲ್ಲ. ಮದುವೆಯಾಗಿ ಬಂದ ಮೊದಲ ಆಷಾಢ ಕಳೆದ ಮೇಲೆ ಬೀರು ತೆಗೆದರೆ ರೇಷ್ಮೆ ಸೀರೆಯ ಮಡಿಕೆಯಲ್ಲೆಲ್ಲ ಬೂದು ಚುಕ್ಕೆ. ಚಪ್ಪಲಿ, ಬೆಲ್ಟು, ಕನ್ನಡಕದ ಡಬ್ಬಿ, ನಮ್ಮವರ ಪದವಿ ಪ್ರಮಾಣಪತ್ರದ ಚೌಕಟ್ಟು, ಎಲ್ಲಕ್ಕೂ ಬೂಷ್ಟು. ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲೆ ಕಟ್ಟಿದ ತಂತಿಯಲ್ಲೇ ಒಣಗಬೇಕು. ಮಗನ ಯೂನಿಫಾರ್ಮ್ ಹೊಗೆ ನಾತ ಹೊಡೆಯುತ್ತದೆ. ತಲೆ ಕೆಡಿಸಿಕೊಳ್ಳಬೇಡಿ, ಇಡೀ ತರಗತಿಯದ್ದೂ ಹಾಗೇ ಇರುತ್ತದೆ. ಜೂನ್‌ಗೆ ಮೊದಲೇ ಜಗಲಿಗೆ ಎರಚಲು ಬಡಿಯದ ಹಾಗೆ ತಟ್ಟಿಯನ್ನೋ ತಗಡನ್ನೋ ಕಟ್ಟುತ್ತಾರೆ. ಆಮೇಲೆ ಮನೆಯೊಳಗೆ ಹಗಲಲ್ಲೂ ಲೈಟು ಬೇಕು. ಲೈಟು ಬೇಕಾದ ದಿನವೇ ಕರೆಂಟು ಇರುವುದಿಲ್ಲ!

ಇಷ್ಟೆಲ್ಲ ಸುರಿದೂ ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಇಳಿಜಾರು ನೆಲ, ಬಿದ್ದ ನೀರು ನಿಲ್ಲದೆ ಹೊಳೆ ಸೇರುತ್ತದೆ. ಟ್ಯಾಂಕರ್ ತಪ್ಪಿಸಿಕೊಳ್ಳಲು ಬರುವವರು ಕೊಳ್ಳುವ ಮನೆಯ ಬಾವಿಯನ್ನು ಮೇ ಕೊನೆಯ ವಾರ ಇಣುಕಿ ನೋಡಬೇಕು.

ನಿಮ್ಮ ಕೆಲಸದ ಮಾತು. ಪೇಟೆಯಲ್ಲಿ ಇಂಟರ್ನೆಟ್ಟಿಗೆ ತೊಂದರೆಯಿಲ್ಲ. ಹಳ್ಳಿಗೂ ಈಗ ಫೈಬರ್ ಬರುತ್ತಿದೆ, ಆದರೆ ಅದು ಬರುವುದು ಮರಗಳ ನಡುವೆ ತೂಗುವ ತಂತಿಯಲ್ಲಿ. ಕೊಂಬೆ ಬಿದ್ದರೆ ಲೈನ್‌ಮನ್ ಹುಡುಕಿ ಬರುವ ತನಕ ಕಾಯಬೇಕು. ಮಳೆ ಹಿಡಿಯುವ ಮುಂಚಿನ ಗುಡುಗು-ಸಿಡಿಲು ಇನ್ನೂ ಕಷ್ಟ. ಮೋಡ ಕಪ್ಪಾದರೆ ರೂಟರ್, ಟಿವಿ, ಇನ್ವರ್ಟರ್ ಎಲ್ಲದರ ಪ್ಲಗ್ ಕಿತ್ತಿಡುವುದು ಇಲ್ಲಿ ಮಕ್ಕಳಿಗೂ ಅಭ್ಯಾಸ. 'ಸಿಡಿಲು ಬರ್ತಾ ಇದೆ, ಮೀಟಿಂಗ್ ಬಿಟ್ಟು ಹೋಗ್ತೀನಿ' ಅಂದರೆ ನಿಮ್ಮ ಮ್ಯಾನೇಜರ್ ನಂಬುತ್ತಾರಾ? ಮೊದಲೇ ಕೇಳಿಟ್ಟುಕೊಳ್ಳಿ.

ಇದೆಲ್ಲ ಹೊಂದಿಕೊಳ್ಳುವ ವಿಷಯ. ನನ್ನನ್ನು ತಡೆಯುವುದು ನಿಮ್ಮ ಅತ್ತೆಯ ಸ್ಟೆಂಟು.

ಒಂದು ರಾತ್ರಿ ನಮ್ಮತ್ತೆಗೆ ಎದೆ ಹಿಡಿದುಕೊಂಡಿತು. ಮಳೆ ಅಂದರೆ ಮಳೆ. ಕಾರಿನಲ್ಲಿ ಹೊರಟು ಊರ ಗಡಿ ದಾಟುವುದರೊಳಗೆ ರಸ್ತೆಗೆ ಅಡ್ಡಲಾಗಿ ಮತ್ತಿ ಮರ ಬಿದ್ದಿತ್ತು. ನಮ್ಮವರು ಫೋನು ಹಿಡಿದು ಸಿಗ್ನಲ್ ಹುಡುಕುವಷ್ಟರಲ್ಲಿ ಹಿಂದಿನಿಂದ ಟಾರ್ಚು ಬಂತು. ಇಷ್ಟು ಹೊತ್ತಿನಲ್ಲಿ ಕಾರು ಯಾಕೆ ಹೊರಟಿತು ಅಂತ ಎದ್ದು ಬಂದವರು. ಒಬ್ಬರ ಕೈಯಲ್ಲಿ ಕತ್ತಿ, ಇನ್ನೊಬ್ಬರ ಹತ್ತಿರ ಮರ ಕೊಯ್ಯುವ ಮೆಷಿನ್ನು. ಟೊಂಗೆ ಕಡಿದು, ದಿಮ್ಮಿ ಹೊರಳಿಸಿ ಕಾರು ಹೋಗುವಷ್ಟು ದಾರಿ ಮಾಡಿದರು. ಅವರಲ್ಲೊಬ್ಬರು ಒದ್ದೆ ಪಂಚೆಯಲ್ಲೇ ಹತ್ತಿ ಕೂತು ಆಸ್ಪತ್ರೆಯವರೆಗೆ ಬಂದರು. ಅತ್ತೆ ಉಳಿದರು.

ಈ ಊರಿನ ಕೆಟ್ಟದ್ದು ಒಳ್ಳೇದು ಎರಡೂ ಆ ರಾತ್ರಿಯಲ್ಲೇ ಇವೆ. ಮರ ಬೀಳುವುದೂ ನಿಜ, ಜನ ಬರುವುದೂ ನಿಜ. ಆದರೆ ಆ ಜನ ಸುಮ್ನೆ ಬಂದವರಲ್ಲ. ಅವರ ಮನೆಯ ಬಾಣಂತನಕ್ಕೆ, ಶ್ರಾದ್ಧಕ್ಕೆ, ಮದುವೆಯ ಹೋಳಿಗೆ ಲಟ್ಟಿಸಲಿಕ್ಕೆ ನಮ್ಮತ್ತೆ ಎಷ್ಟು ವರ್ಷ ಹೋಗಿದ್ದರೋ! ನಿಮಗೂ ಆ ಬಳಕೆ ಬೆಳೆಯುತ್ತದೆ, ಆದರೆ ಜಾಗ ನೋಂದಣಿಯಾದ ದಿನವೇ ಅದು ಸಿಗುವುದಿಲ್ಲ. ಅಷ್ಟರವರೆಗೆ ಡಾಕ್ಟರ ಹತ್ತಿರ ಇರುವುದು ಮೇಲು. ಎದೆನೋವಿಗೆ ಸಾಗರದಲ್ಲಿ ಮೊದಲ ಚಿಕಿತ್ಸೆ ಆಗುತ್ತದೆ. ದೊಡ್ಡದಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ಶಿವಮೊಗ್ಗವೇ 70 ಕಿ.ಮೀ. ಮೇಲಾಗುತ್ತದೆ. ಅದಕ್ಕೆ ದಲ್ಲಾಳಿ ಹೇಳಿದ ಒಂದು ಗಂಟೆ ಸೇರಿಸಿ ನೋಡಿ. ಸೇತುವೆ ದೊಡ್ಡ ಉಪಕಾರವೇ, ನಾನು ಅಲ್ಲಗಳೆಯುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಆದ 1964ರಿಂದ 2025ರ ಜುಲೈ ತನಕ ಆಚೆ ದಡದ ಜನ ಲಾಂಚು ನಂಬಿ ಬದುಕಿದರು. ಸಂಜೆಯ ಕೊನೆ ಲಾಂಚು ತಪ್ಪಿದರೆ ಗರ್ಭಿಣಿಯಾದರೂ ಸುತ್ತು ಬಳಸಿಯೇ ಬರಬೇಕಿತ್ತು. ಆ ಕಷ್ಟ ತಪ್ಪಿತು. ಆಸ್ಪತ್ರೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಇನ್ನು ತೋಟ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಬಹುದು ಅಂದಮಾತ್ರಕ್ಕೆ ಕಾಗದ ಸರಿಯಿದೆ ಅಂತಲ್ಲ. 'ಎರಡು ಎಕರೆ ತೋಟ, ಜೊತೆಗೆ ಹತ್ತಾರು ಎಕರೆ ಬೆಟ್ಟ' ಅಂತ ತೋರಿಸುತ್ತಾರೆ. ಆ ಬೆಟ್ಟ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಕೊಟ್ಟ ಸವಲತ್ತೇ ಹೊರತು ನಿಮ್ಮ ಸ್ವಂತದ್ದಲ್ಲ. ಅಲ್ಲಿ ಮನೆ ಕಟ್ಟುವಂತಿಲ್ಲ. ಅಣೆಕಟ್ಟಿನ ನೀರಿನಲ್ಲಿ ಜಮೀನು ಕಳಕೊಂಡ ಮುಳುಗಡೆ ರೈತರಿಗೆ ಕೊಟ್ಟ ಜಮೀನುಗಳಲ್ಲಿ ಅರಣ್ಯದ ಹೆಸರು ತೆಗೆಯುವ ತಕರಾರು ಈಗಲೂ ಮುಗಿದಿಲ್ಲ. ತುಮರಿ ಕಡೆ ಶರಾವತಿ ಕಣಿವೆ ಅಭಯಾರಣ್ಯದ ಗಡಿಯೂ ಇದೆ. ಪಹಣಿ ಒಂದನ್ನು ನೋಡಿ ಅಡ್ವಾನ್ಸ್ ಕೊಡಬೇಡಿ. ಆಕಾರಬಂದು (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಮೂಲ ಮಂಜೂರಾತಿ ಕಾಗದ, ಹಳೆಯ ಮ್ಯುಟೇಶನ್, ಋಣಭಾರ ಪತ್ರ ತೆಗೆಸಿ. ಸ್ಥಳೀಯ ವಕೀಲರಿಗೆ ತೋರಿಸಿ, ಸರ್ವೆ ಮಾಡಿಸಿ. ದಲ್ಲಾಳಿಯೇ ಕರೆತಂದ ವಕೀಲರು ಬೇಡ.

ಕಾಗದ ಸರಿಯಿದ್ದರೂ ಅಡಿಕೆ ದೂರದಿಂದ ಕಂಡಷ್ಟು ಸುಲಭದ ದುಡ್ಡಲ್ಲ. ಮಳೆಯಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಸಬೇಕು. ಒಂದು ಸಲ ಸಾಲದು, ಮಳೆ ಬಿಡದಿದ್ದರೆ ಮತ್ತೆ ಮತ್ತೆ. ಮರ ಹತ್ತುವ ಕೊನೆಗಾರರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರ ದಿನ ಸಿಗುವುದೇ ಭಾಗ್ಯ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಹುಟ್ಟಿದಾಗಿನಿಂದ ತೋಟದಲ್ಲೇ ಬೆಳೆದ ನಮ್ಮವರೇ ಹಣೆ ಚಚ್ಚಿಕೊಳ್ಳುತ್ತಾರೆ. ಕೆಲಸದ ನಡುವೆ ತೋಟ ನೋಡಿಕೊಳ್ಳುತ್ತೇವೆ ಅಂದರೆ ನಾನು ನಂಬುವುದಿಲ್ಲ, ಬೇಜಾರಾಗಬೇಡಿ.

ಮಂಗನ ಕಾಯಿಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1957ರಲ್ಲಿ ಇದು ಮೊದಲು ಕಂಡದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಜೀವಗಳೇ ಹೋದವು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಕಾಡಂಚಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿ. ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆಯರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರ ಸ್ನಾನ ಮಾಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಮಾತ್ರೆ ನುಂಗಿ ಕೂರಬೇಡಿ.

ಮಗನ ವಿಷಯದಲ್ಲೂ ಪೇಟೆಯೇ ವಾಸಿ. ಒಳ ಹಳ್ಳಿಗಳಲ್ಲಿ ಮನೆಗೆ ಇಬ್ಬರೇ, ಅವರೂ ವಯಸ್ಸಾದವರು. ಕ್ರಿಕೆಟ್ಟಿಗೆ ಜೊತೆ ಸಿಗುವುದಿಲ್ಲ. ಪೇಟೆಯಲ್ಲಿ ಶಾಲೆ, ಕಾಲೇಜು, ಗೆಳೆಯರು ಎಲ್ಲ ಇದ್ದಾರೆ. ಹೆಗ್ಗೋಡಿನ ನೀನಾಸಂ ಕೂಗಳತೆಯಲ್ಲಿದೆ. 1949ರಲ್ಲಿ ಹಳ್ಳಿಯವರು ಕಟ್ಟಿದ ಸಂಸ್ಥೆ ಅದು, ಇವತ್ತಿಗೂ ಅಲ್ಲಿಯ ನಾಟಕಕ್ಕೆ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ರಾತ್ರಿ ಬೆಂಗಳೂರಿಗೆ ರೈಲು. ಮಳೆಗಾಲದ ಊಟ ಅಂತೂ ಬೇರೆಯೇ: ಕಳಲೆ ಪಲ್ಯ, ಪತ್ರೊಡೆ, ಒಂದೆಲಗದ ತಂಬುಳಿ, ಸುಟ್ಟ ಹಲಸಿನ ಹಪ್ಪಳ. ಹುಬ್ಬಳ್ಳಿಯ ತವರಿಗೆ ಹೋದರೆ ಮೂರನೇ ದಿನಕ್ಕೆ ನನಗೆ ಅಪ್ಪೆಮಿಡಿ ಉಪ್ಪಿನಕಾಯಿ ನೆನಪಾಗುತ್ತದೆ. ಊರು ಹಿಡಿಸುವುದು ಹೀಗೇ ಅಲ್ವಾ?

ಪ್ರಶ್ನೆ: ಕಲಬುರಗಿ ಜಿಲ್ಲೆಯವಳು. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ ಶಿಕ್ಷಕಿಯಾಗಿ ಹೋಗಬೇಕು. ಒಬ್ಬಳೇ ಇರುತ್ತೇನೆ. ಎಲ್ಲರೂ ಹೆದರಿಸುತ್ತಿದ್ದಾರೆ. ಏನೇನು ಒಯ್ಯಲಿ?
– ಹೊಸ ಟೀಚರ್

ಉತ್ತರ: ಹೆದರಿಸಿದವರಲ್ಲಿ ಒಬ್ಬರಾದರೂ ಇಲ್ಲಿಗೆ ಬಂದಿದ್ದಾರಾ? ಮೇ ತಿಂಗಳಲ್ಲಿ ನಿಮ್ಮೂರಿನ ಬಿಸಿಲು ನಲವತ್ತು ದಾಟಿದಾಗ ಅವರೇ ನಿಮ್ಮ ಮನೆಗೆ ನೆಂಟರಾಗಿ ಬರುತ್ತಾರೆ, ನೋಡುತ್ತಿರಿ.

ಜೋಳದ ಹಿಟ್ಟು ಮೂಟೆಗಟ್ಟಲೆ ತರಬೇಡಿ, ಮಳೆಯಲ್ಲಿ ಮುಗ್ಗಲು ಹಿಡಿಯುತ್ತದೆ. ಕಾಳು ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇಕಾದಷ್ಟೇ ಗಿರಣಿ ಮಾಡಿಸಿ. ಶೇಂಗಾ ಹಿಂಡಿಯನ್ನೂ ಸ್ವಲ್ಪ ಸ್ವಲ್ಪವೇ ತನ್ನಿ. ಚರ್ಮದ ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಮಡಚುವ ಚಿಕ್ಕ ಛತ್ರಿ ಇಲ್ಲಿಯ ಗಾಳಿಗೆ ಒಂದು ದಿನವೂ ಬಾಳುವುದಿಲ್ಲ, ಉದ್ದ ಹಿಡಿಯದ್ದು ಬೇಕು. ಬೇಗ ಒಣಗುವ ಸೀರೆ, ಚೂಡಿದಾರ ಇಟ್ಟುಕೊಳ್ಳಿ. ದಪ್ಪ ಹತ್ತಿ ಬಟ್ಟೆ ವಾರವಾದರೂ ಒಣಗದು. ಉಂಬಳ (ಜಿಗಣೆ) ಹತ್ತಿದರೆ ಕಿರುಚಬೇಡಿ, ಎಳೆಯಲೂ ಬೇಡಿ. ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಮನೆ ಮಾತ್ರ ಬಸ್ಸು ನಿಲ್ಲುವ ಕಡೆಯೇ ಹಿಡಿಯಿರಿ, ಶಾಲೆ ಒಂದಷ್ಟು ದೂರವಾದರೂ ಸರಿ. ಸಂಜೆ ಕೊನೆಯ ಬಸ್ಸು ಬೇಗ ಹೋಗಿಬಿಡುತ್ತದೆ. ಒಂಟಿ ಮನೆ ಬೇಡ, ಯಾರದಾದರೂ ಮನೆಯ ಒಂದು ಭಾಗ ಕೇಳಿ. ಮೊದಮೊದಲು ಇಲ್ಲಿಯವರು ಮಾತು ಕಡಿಮೆ, ಬಿಗುಮಾನ ಅನ್ನಿಸಬಹುದು. ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿ ಒಂದು ದಿನ ಓನರಮ್ಮನಿಗೆ ಕೊಡಿ. ನಾನು ಮಾಡಿದ್ದೂ ಅದನ್ನೇ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ನನಗೆ 74. ಮಗ ಬೆಂಗಳೂರಿಗೆ ಬಂದುಬಿಡಿ ಅನ್ನುತ್ತಾನೆ. ಹೋಗಲು ಮನಸ್ಸಿಲ್ಲ, ಇರಲು ಧೈರ್ಯವಿಲ್ಲ.
– ಹಿರಿಯ ಓದುಗ

ಉತ್ತರ: ಒಂದೇ ಕಡೆ ಇರಬೇಕು ಅಂತ ಯಾಕೆ? ಜೂನ್‌ನಿಂದ ಸೆಪ್ಟೆಂಬರ್ ಮಗನ ಮನೆ, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಊರು. ಬಿದ್ದು ಕಾಲು ಮುರಿದುಕೊಳ್ಳುವುದು ಹೆಚ್ಚಾಗಿ ಪಾಚಿ ಕಟ್ಟಿದ ಅಂಗಳದಲ್ಲೇ, ಆ ನಾಲ್ಕು ತಿಂಗಳಲ್ಲೇ. ಅಷ್ಟು ತಪ್ಪಿಸಿದರೂ ಅರ್ಧ ಭಯ ಕಳೆಯುತ್ತದೆ.

ಮಗನಿಗೆ ಒಂದು ಮಾತು ಮೊದಲೇ ಹೇಳಿಡಿ, ತೋಟ ಮಾರುವ ಮಾತು ಈಗ ಬೇಡ ಅಂತ. ಹೋದವರಿಗೆ ವಾಪಸು ಬರಲು ಒಂದು ಜಾಗ ಇರಲಿ. ಆದರೆ ಮುಚ್ಚಿಟ್ಟ ಹೆಂಚಿನ ಮನೆಗೆ ಮಳೆಗಾಲ ಶತ್ರು. ಒಲೆ ಉರಿಯದ ಮನೆಗೆ ಒರಲೆ (ಗೆದ್ದಲು) ಬೇಗ ಹತ್ತುತ್ತದೆ, ಜಾರಿದ ಹೆಂಚೊಂದನ್ನು ಯಾರೂ ನೋಡದಿದ್ದರೆ ಹೆಂಚು ಹೊತ್ತ ಮರದ ಪಕಾಸಿಯೇ ಕುಂಬಾಗುತ್ತದೆ. ನಂಬಿಕೆಯ ಒಬ್ಬರಿಗೆ ಕೀಲಿ ಕೊಟ್ಟು, ವಾರಕ್ಕೆರಡು ಸಲ ಒಲೆ ಹಚ್ಚಿ ಹೊಗೆಯಾಡಿಸಿ ಹೋಗಲು ಹೇಳಿ. ಪುಕ್ಕಟೆ ಮಾಡಿಸಬೇಡಿ, ತಿಂಗಳಿಗೆ ಇಷ್ಟು ಅಂತ ಕೊಡಿ.

ಕೊಟ್ಟಿಗೆಯ ವಿಷಯ ನೀವು ಬರೆದಿಲ್ಲ. ಹಸು ಇದ್ದರೆ ಈ ಲೆಕ್ಕವೆಲ್ಲ ಬೇರೆಯಾಗುತ್ತದೆ. ಎಷ್ಟಿವೆ, ಕರೆಯುತ್ತಿರುವುದು ಎಷ್ಟು, ನೋಡಿಕೊಳ್ಳಲು ಯಾರಿದ್ದಾರೆ, ಬರೆಯಿರಿ.