ಹೆಂಡತಿಯ ಹಳೇ ಕುತ್ತಿಗೆ ಪೆಟ್ಟು: ಯಾರಿಗೆ ತೋರಿಸಬೇಕು?
ಬೈಕಿನಿಂದ ಬಿದ್ದು ಎರಡು ವರ್ಷವಾದರೂ ಪತ್ನಿಯ ಕುತ್ತಿಗೆ ನೋವು ಕೈಗೆ ಇಳಿಯುತ್ತಿದೆ, ಬೆಂಗಳೂರಿನಲ್ಲಿ ಯಾರಿಗೆ ತೋರಿಸಲಿ ಎಂದಿದ್ದೀರಿ. ಬೆನ್ನುಮೂಳೆ ತಜ್ಞರಿಗೇ ತೋರಿಸಿ. ನಿಮ್ಹಾನ್ಸ್‌ನ ನ್ಯೂರೋಸರ್ಜರಿ ವಿಭಾಗಕ್ಕೂ ಹೋಗಬಹುದು. ಜೋಮು ಯಾವ ಬೆರಳಿಗೆ ಬರುತ್ತದೆ ಎಂದು ಗಮನಿಸಿ ಬರೆದಿಡಿ: ಹೆಬ್ಬೆರಳಾದರೆ ಸಾಮಾನ್ಯವಾಗಿ ಒತ್ತಿರುವುದು ಕುತ್ತಿಗೆಯಿಂದ ಕೈಗೆ ಇಳಿಯುವ ಸಿ6 ನರ, ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8. ಎಂಆರ್‌ಐ ವರದಿಯೊಂದೇ ಸಾಲದು, ಫಿಲ್ಮ್ ಅಥವಾ ಸಿಡಿ ಒಯ್ಯಿರಿ. ಸರ್ಜನ್‌ಗಳು ಚಿತ್ರವನ್ನೇ ನೋಡಲು ಬಯಸುತ್ತಾರೆ. ಕುತ್ತಿಗೆ ಅಲುಗದಂತೆ ಕಟ್ಟುವ ಕಾಲರ್ ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಸೊರಗುತ್ತದೆ. ಕುತ್ತಿಗೆ ತಿರುಚಿ ಲಟಿಗೆ ತೆಗೆಯುವವರ ಬಳಿ ದಯವಿಟ್ಟು ಕರೆದೊಯ್ಯಬೇಡಿ. ಗುಂಡಿ ಹಾಕಲು ತಡವರಿಕೆ, ನಡಿಗೆಯಲ್ಲಿ ತೂರಾಟ, ಮೂತ್ರದ ಹಿಡಿತ ತಪ್ಪುವುದು ಕಂಡರೆ ಒಪಿಡಿಗೆ ಕಾಯದೆ ಅಂದೇ ತುರ್ತು ವಿಭಾಗಕ್ಕೆ ಹೋಗಿ, ಬೆನ್ನುಹುರಿಯೇ ಒತ್ತಿಹೋಗುತ್ತಿರಬಹುದು.