ಹಳೆಯ ಕ್ಯಾಂಪರ್ ವ್ಯಾನಿನ ರೂಫ್ ರ‍್ಯಾಕ್ ಬೋಲ್ಟುಗಳ ಬಳಿ ಮಳೆನೀರು ಸೋರುತ್ತಿದೆ. ರಬ್ಬರ್ ಸೀಲ್ ಬದಲಿಸುವುದು ಹೇಗೆ?

ಮೇಲಿಂದ ಸಿಲಿಕೋನ್ ಬಳಿದು ಸುಮ್ಮನಾಗಬೇಡಿ, ರ‍್ಯಾಕನ್ನು ಪೂರ್ತಿ ಬಿಚ್ಚಲೇಬೇಕು. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಇಲ್ಲದಿದ್ದರೆ ಒಳಗಿನ ನಟ್ಟೂ ಜೊತೆಗೇ ತಿರುಗಿ, ಒಳಚಾವಣಿಯ ಹೊದಿಕೆ ಕಳಚುವ ಹೆಚ್ಚುವರಿ ಕೆಲಸ ಬೀಳಬಹುದು.

ನಿಜವಾದ ಕೆಲಸ ಇರುವುದು ರಂಧ್ರದ ಅಂಚಿನಲ್ಲಿ. ಲೋಹ ಹೊಳೆಯುವವರೆಗೆ ತುಕ್ಕು ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ಅವಸರಪಟ್ಟರೆ ಹೊಸ ಸೀಲಿನಡಿಯಲ್ಲೇ ತುಕ್ಕು ಹಬ್ಬುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಆಮೇಲೆ ಬಿಸಿಲು ತಾಳುವ ಇಪಿಡಿಎಂ ಎಂಬ ರಬ್ಬರಿನ ಗ್ಯಾಸ್ಕೆಟ್ (ಅದೇ ಹೊಸ ಸೀಲ್) ಕೂರಿಸಿ, ಬೋಲ್ಟಿನ ಸುತ್ತ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಸುತ್ತಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ.

ರಬ್ಬರ್ ತುಸು ಉಬ್ಬುವಷ್ಟು ಮಾತ್ರ ಬಿಗಿಮಾಡಿ, ಮರುದಿನ ಇನ್ನೊಮ್ಮೆ. ಪೈಪಿನಿಂದ ನೀರು ಹಾಯಿಸಿ, ಒಳಗೆ ಟಾರ್ಚ್ ಹಿಡಿದು ನೋಡಿದ ಮೇಲೆಯೇ ಸಾಮಾನು ಹೇರಿ.